ಖಂಡೇಪೂಜೆಯ ದಿನ ನನ್ನ ಕತ್ತಿಯವನು

ನನ್ನ ಮಗಳ ಚಹಾ ಲೋಟ ನೋಡಿದರೆ ಸಾಕು, ಅವಳೆದುರು ಮಾತಾಡುತ್ತಿರುವವರು ಯಾರು ಎಂದು ಹೇಳಬಲ್ಲೆ. ಅವಳ ಸೋದರಮಾವ ಮಾತಾಡುತ್ತಿದ್ದರೆ ಲೋಟ ಕೈಯಲ್ಲೇ ಉಳಿದು ಚಹಾದ ಮೇಲೆ ಕೆನೆ ಕಟ್ಟಿರುತ್ತದೆ. ನಾನು ಮಾತಾಡುತ್ತಿದ್ದರೆ ಎರಡು ಗುಟುಕಿಗೆ ಮುಗಿಸಿ, ಲೋಟ ತೊಳೆಯಲು ಎದ್ದಿರುತ್ತಾಳೆ. ಒಂದು ಸಲವಾದರೂ ನನ್ನ ಮಾತಿಗೆ ಅವಳ ಚಹಾ ಆರಬೇಕು ಅಂತಲೇ ನಾನು ಆ ಆಟಕ್ಕೆ ಕೂತದ್ದು. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಅವಳ ಮಾಮಾ, ಅಂದರೆ ನನ್ನ ಹೆಂಡತಿಯ ತಮ್ಮ, ಖಾನಾಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಕನ್ನಡದಲ್ಲಿ ಸೀರೆ ಬಿಚ್ಚಿ ಮರಾಠಿಯಲ್ಲಿ ಮಡಚುವ ಮನುಷ್ಯ. ಕೊಳ್ಳಲು ಬಂದವರು ಕೊಂಡು ಹೋಗುತ್ತಾರೆ, ಸುಮ್ಮನೆ ಬಂದವರೂ ಕೊಂಡು ಹೋಗುತ್ತಾರೆ. ನನ್ನದು ಹಾಗಲ್ಲ. ಏಳನೇ ಇಯತ್ತೆಗೆ ಸಾಲಿ ಬಿಟ್ಟು ಪಾರಿಶ್ವಾಡದಿಂದ ಬೆಳಗಾವಿಗೆ ಬಂದವನು ನಾನು. ಆಟೋ ನಗರದಲ್ಲಿ ಪರರ ಲೇಥ್ ಮಷಿನ್ ಮುಂದೆ ನಿಂತು ನಿಂತು ಕಬ್ಬಿಣ ಕಡೆಯುವ ಕೆಲಸ ಕಲಿತೆ. ಇವತ್ತು ಮಷಿನ್ ನನ್ನದೇ, ಶೆಡ್ ನನ್ನದೇ. ಅಲ್ಲಿ ಮಷಿನ್ನಿನ ಸದ್ದಿಗೆ ಮಾತು ಕೇಳುವುದೇ ಇಲ್ಲ. ಹಾಗಾಗಿ ಮಾತಿನ ರೂಢಿ ನನಗೆ ಬೆಳೆಯಲಿಲ್ಲ.

ಆಟ ಮಗಳು ಕಾಲೇಜಿನಲ್ಲಿ ಕಲಿತದ್ದು. ಪಗಡೆಯ ಹಾಗೆ ಮನೆಗಳಿಲ್ಲ, ಇಸ್ಪೀಟಿನ ಹಾಗೆ ಎಲೆಗಳಿಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ತಲಾ ಒಬ್ಬ ಮನುಷ್ಯನನ್ನು ಕಟ್ಟಿಕೊಂಡು, ಅವನೇ ಆಗಿ ಮಾತಾಡಬೇಕು. ಅವನು ಮಾಡಹೊರಟಿದ್ದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವಳು ನನ್ನ ಮಗಳು. ರವಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಮಾಮಾ, ಮಾಮಿ ಇಬ್ಬರೂ ಅವಳ ಜೊತೆ ಆಡುತ್ತಿದ್ದರು. ಸಂಜೆ ಮನೆಗೆ ಬಂದವಳ ಬಾಯಲ್ಲಿ ಒಂದೇ ಮಾತು, "ಇವತ್ತ ಮಾಮಾ ಏನ ಮಾಡಿದ ಗೊತ್ತೇನು?" ರೊಟ್ಟಿ ಮುರಿಯುತ್ತಾ ಎಷ್ಟು ರವಿವಾರ ಅಂತ ಅದನ್ನೇ ಕೇಳಲಿ?

"ನಂದೂ ಒಂದ ಮನಶ್ಯಾನ ಮಾಡಿಕೊಡು," ಎಂದೆ ಒಂದು ದಿನ.

ಹೆಂಡತಿ ಹಂಚಿನ ಮುಂದಿನಿಂದ ತಿರುಗಿ ನೋಡಿದಳು. "ನೀವು? ಕುಂತ ಆಡೂದು?"

"ಯಾಕ, ನನಗ ಕುಂದರಾಕ ಬರೂದಿಲ್ಲೇನು?"

ಮಗಳು ಹಾಳೆ ತಂದು ಎದುರಿಗೆ ಕೂತಳು. ಯಾವ ಥರದ ಮನುಷ್ಯ ಬೇಕು ಎಂದು ಕೇಳಿದಳು. ಮಂತ್ರ ಹಾಕುವವನು, ಕಳ್ಳ, ಬಿಲ್ಲುಗಾರ, ಯಾರೂ ನನಗೆ ಹಿಡಿಸಲಿಲ್ಲ. ಕೊನೆಗೆ, "ಒರಿಯೊಳಗ ತಲವಾರ ಇಟಗೊಂಡ ಸುಮ್ನ ನಿಂತಿರ್ತಾನ. ತಗದಾ ಅಂದ್ರ ಒಂದ ಏಟಿಗೆ ಕೆಲಸ ಮುಗೀತು. ಅಂಥವ ಅದಾನೇನು?" ಎಂದೆ. ಅಂಥವನಿದ್ದ. ಒರೆಯಿಂದ ಹೊರಬರುವ ಮೊದಲ ಏಟಿಗೆ ಎರಡು ಪಟ್ಟು ಬಲ. ಆಮೇಲೆ ಅದು ಬರೀ ಕತ್ತಿ. ಮತ್ತೆ ಆ ಬಲ ಬೇಕೆಂದರೆ ಒಂದು ಸರದಿ ಬಿಟ್ಟುಕೊಟ್ಟು ಕತ್ತಿಯನ್ನು ಒರೆಗೆ ಸೇರಿಸಬೇಕು. ನನಗೆ ಈ ಲೆಕ್ಕ ಸರಿ ಅನ್ನಿಸಿತು. ಕತ್ತಿ ಸ್ವಲ್ಪ ಬಾಗಿರಲಿ, ಒರೆಯೊಳಗೆ ಅದು ಬುಶ್ಶಿನೊಳಗಿನ ಶಾಫ್ಟಿನ ಹಾಗೆ ಕೂತಿರಲಿ, ಸಡಿಲವೂ ಬೇಡ, ಬಿಗಿಯೂ ಬೇಡ ಎಂದು ಬರೆಸಿದೆ. ಅವನ ಗುಣಗಳಿಗೆ ಅಂಕ ಹಂಚುವಾಗ ಚುರುಕಿಗೆ ಎಲ್ಲಕ್ಕಿಂತ ಹೆಚ್ಚು ಹಾಕಿಸಿದೆ, ಮಾತಿಗೆ ಎಲ್ಲಕ್ಕಿಂತ ಕಡಿಮೆ.

"ಅಪ್ಪಾ, ಇಷ್ಟ ಕಡಿಮಿ ಇಟ್ರ ಅವಂಗ ಒಂದ ಕಪ್ ಚಾ ಕೇಳಾಕೂ ಬರೂದಿಲ್ಲ."

"ಕೇಳೂದ್ಯಾಕ? ಕೆಲಸ ಮಾಡಿದ್ರ ಅವರ ಕೊಡ್ತಾರ."

ಶೆಡ್ಡಿನಲ್ಲಿ ಕೈ ಖಾಲಿಯಾದಾಗಲೆಲ್ಲ ಉಕ್ಕಿನ ಅಳತೆಪಟ್ಟಿಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು, ಫಟ್ಟನೆ ಎಳೆದು ನೋಡುತ್ತಿದ್ದೆ. ಬಾಜು ಗ್ಯಾರೇಜಿನವನು ಹಣಿಕಿ ಹಾಕಿ, "ಯಾಕ್ರೀ ಮಾಲಕ್ರ, ಸೊಂಟಾ ಹಿಡದೈತೇನು?" ಎಂದು ಕೇಳಿದ. ಅಳತೆಪಟ್ಟಿಯನ್ನು ಮತ್ತೆ ಬೆಲ್ಟಿಗೆ ಸಿಕ್ಕಿಸಿಕೊಂಡೆ.

ಮೊದಲ ರವಿವಾರ ಖಾನಾಪುರಕ್ಕೆ ಹೋದೆವು. ಅಂಗಡಿಯ ಬಿಳೀ ಗಾದಿಯ ಮೇಲೆ ಆಟ. ಎಷ್ಟು ತಿಕ್ಕಿದರೂ ನನ್ನ ಬೆರಳ ಸಂದಿಯ ಎಣ್ಣೆ ಹೋಗುವುದಿಲ್ಲ, ಹಾಗಾಗಿ ಅಂಚಿನಲ್ಲೇ ಕೂತೆ. ಮಾಮಾ ನಡುವೆ, ಲೋಡಿಗೆ ಆನಿಕೊಂಡು. ಅವನ ಮನುಷ್ಯ ಅತ್ತರ ಮಾರುವ ವ್ಯಾಪಾರಿ. ಮಾಮಿಯದು ಗಾಯ ಮಾಗಿಸುವ ವೈದ್ಯೆ. ಮಾಮಿ ಬೆಳ್ಳುಳ್ಳಿ ಸುಲಿಯುತ್ತಲೇ ನಮ್ಮ ಜೀವ ಉಳಿಸುತ್ತಿದ್ದಳು. ಕಥೆಯ ಕಾಡಿಗೆ ಮಗಳು ಏನೋ ಹೆಸರು ಕೊಟ್ಟಿದ್ದಳು, ಆದರೆ ಆ ಮಳೆ, ಆ ಜಿಗಣೆ, ಆ ತಿರುವು ಎಲ್ಲ ನಮ್ಮ ಜಾಂಬೋಟಿ ಕಾಡಿನದೇ. ತಿರುವಿನಲ್ಲಿ ದರೋಡೆಕೋರರು ಅಡ್ಡ ಬಂದರು. ನನ್ನವನ ಕೈ ಹಿಡಿಕೆಗೆ ಹೋಯಿತು. "ನಾ..." ಎನ್ನುವಷ್ಟರಲ್ಲಿ ಮಾಮಾ ಶುರುವಾದ.

"ಅರೇ ಬಾಬಾ, ಬಡದಾಟ ಎಲ್ಲಿ ಹೋಗ್ತೈತಿ? ಮದಲ ಈ ವಾಸನಿ ನೋಡ್ರಿ. ಇದನ್ನ ಹಚಗೊಂಡ ಮನಿಗಿ ಹೋದ್ರ ಹೇಂತಿ, ದರೋಡೆ ಮಾಡಿ ಬಂದ್ಯೋ ಲಗ್ನಕ್ಕ ಹೋಗಿದ್ಯೋ ಅಂತ ಕೇಳ್ಬೇಕು!"

ದಾಳ ಅವನ ಪರವಾಗಿ ಬಿತ್ತು. ದರೋಡೆಕೋರರು ಸಾಲಾಗಿ ನಿಂತು ಅತ್ತರ ಕೊಂಡರು. ಮಗಳು ಗೋಡೆಗೆ ತಲೆ ಆನಿಸಿ ನಕ್ಕಳು. ಚಹಾ ಅಲ್ಲೇ ಆರುತ್ತಿತ್ತು.

ಮುಂದಿನ ರವಿವಾರ ಸೇತುವೆಯ ಕಾವಲುಗಾರ, ಅದರ ಮುಂದಿನ ರವಿವಾರ ತೋಳದ ಮೋರೆಯ ಸೈನಿಕರು. ತೋಳಗಳ ಜೊತೆಗೂ ಮರಾಠಿಯಲ್ಲಿ ಮಾತಾಡಿ ಗೆದ್ದ ಅವನು. ನನ್ನ ಕತ್ತಿ ಒಮ್ಮೆಯೂ ಹೊರಗೆ ಬರಲಿಲ್ಲ. "ದಾಜಿ," ಎನ್ನುತ್ತಿದ್ದ, ಅಕ್ಕನ ಗಂಡನನ್ನು ಅವರ ಕಡೆ ಹಾಗೇ ಕರೆಯುವುದು, "ನಿಮ್ಮ ಮನಶ್ಯಾನ ತಲವಾರಕ್ಕ ಜಂಗ ಹಿಡಿತೈತಿ ನೋಡ್ರಿ, ಸ್ವಲ್ಪ ಎಣ್ಣಿ ಬಿಡ್ರಿ!" ಮಗಳೂ ನಗುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ವಾಪಸು ಬರುವಾಗ ಗಾಡಿಯ ಹಿಂದೆ ಕೂತ ಮಗಳು ಮಾಮಾನ ಮಾತುಗಳನ್ನು ಅವನದೇ ದನಿಯಲ್ಲಿ ಮತ್ತೆ ಹೇಳುತ್ತಿದ್ದಳು. ಗಾಡಿಯ ವೇಗ ಹೆಚ್ಚಿಸುತ್ತಿದ್ದೆ, ಗಾಳಿಗೆ ಕೇಳಿಸದಿರಲಿ ಎಂದು.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಆ ಬೆಳಿಗ್ಗೆ ಆಟೋ ನಗರದಲ್ಲಿ ಒಂದು ಮಷಿನ್ನೂ ತಿರುಗುವುದಿಲ್ಲ. ಲೇಥ್ ತೊಳೆದು, ಪಾನಾ, ಸುತ್ತಿಗೆ, ಅಳತೆಪಟ್ಟಿ ಎಲ್ಲ ಸಾಲಾಗಿ ಇಟ್ಟು ವಿಭೂತಿ ಹಚ್ಚಿದೆ. ಕೊನೆಗೆ ಜೇಬಿನಿಂದ ನನ್ನ ಕತ್ತಿಯವನ ಹಾಳೆ ತೆಗೆದು, ಮೇಲೆ ದಾಳ ಇಟ್ಟು, ಸುತ್ತಿಗೆಯ ಬಾಜು ಇಟ್ಟೆ. ಅದರಲ್ಲಿ ಬರೆದದ್ದೂ ಹತ್ಯಾರವೇ ಅಲ್ಲವೇ? ಹೆಂಡತಿ ಏನೂ ಕೇಳದೆ ಅದರ ಮೇಲೂ ಒಂದು ಚೆಂಡುಹೂವು ಇಟ್ಟಳು. ಪೂಜೆಗಿಟ್ಟದ್ದನ್ನು ಮರುದಿನದ ಪೂಜೆಯಾಗುವ ತನಕ ಮುಟ್ಟುವಂತಿಲ್ಲ. ಶೆಡ್ಡಿಗೆ ಬೀಗ ಹಾಕಿ ಬಂದೆವು.

ಮಧ್ಯಾಹ್ನ ಮಾಮಾ, ಮಾಮಿ ಹೋಳಿಗೆ ಊಟಕ್ಕೆ ನಮ್ಮ ಮನೆಗೆ ಬಂದರು. ಊಟ ಮುಗಿದದ್ದೇ ಮಗಳು ಚಾಪೆ ಹಾಸಿದಳು. "ಅಪ್ಪಾ, ಹಾಳಿ ತಾ."

"ಶೆಡ್ಡಿನ್ಯಾಗ ಐತಿ. ಪೂಜಿಗಿ ಇಟ್ಟೇನಿ."

ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಳಿಗೂ ಪೂಜೀನ? ದಾಜಿ, ನಾಳೆ ನಮ್ಮ ಅಂಗಡಿ ಬಿಲ್ಲಿಗೂ ಒಂದ ಊದಿನಕಡ್ಡಿ ಹಚ್ಚರಿ!"

"ಇರ್ಲಿ, ಅಪ್ಪನ ಮನಶ್ಯಾ ನನಗ ಬಾಯಿಪಾಠ ಅದಾನ," ಎಂದಳು ಮಗಳು. ಬೇರೆ ದಾಳ ಕೊಟ್ಟಳು. ಆಟ ಸಾಗಿತು. ನಮ್ಮವರು ಹೊಕ್ಕ ಗುಹೆಯ ಕೊನೆಯಲ್ಲಿ ಒಬ್ಬ ಕಲ್ಲಿನ ಮನುಷ್ಯ ಎದ್ದು ನಿಂತ. ಮಾಮಾ ಎಂದಿನಂತೆ ಅತ್ತರದ ಶೀಸೆ ಬಿಚ್ಚಿ, "ಅರೇ ಬಾಬಾ..." ಎಂದ.

"ಅವಂಗ ಕಿವಿ ಇಲ್ಲ ಮಾಮಾ. ಮೂಗೂ ಇಲ್ಲ," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಪ್ಪಾ, ಹತ್ತು ಹೆಜ್ಜಿ ದೂರ ಅದಾನ. ನಿನ್ನ ಮನಶ್ಯಾ ಏನ ಮಾಡ್ತಾನ?"

ಆಗ ತಿಳಿಯಿತು. ಕಿವಿಯಿಲ್ಲದವನನ್ನು ಅವಳು ನನಗೋಸ್ಕರ ಮಾಡಿ ತಂದಿದ್ದಳು. ಇಷ್ಟು ದಿನ ಕಾದ ಏಟು ಇದೇ. ಅವಳ ಲೋಟ ನೆಲದ ಮೇಲಿತ್ತು, ಅವಳ ಕಣ್ಣು ನನ್ನ ಮೇಲಿತ್ತು. ದಾಳ ಕೈಗೆ ತೆಗೆದುಕೊಂಡೆ. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಶೆಡ್ಡಿನಲ್ಲಿ ಹೂವು ಹೊತ್ತು ಮಲಗಿದ ಆ ಹಾಳೆ.

"ತಲವಾರ ತಗಿಯೂದಿಲ್ಲ," ಎಂದೆ. "ಪೂಜಿಗಿಟ್ಟ ಹತ್ಯಾರ ಐತಿ."

"ಅಪ್ಪಾ, ಇದು ಆಟ!"

"ಆಟ ಇರ್ಲಿ. ಇವತ್ತ ನಾನೂ ಹತ್ಯಾರ ಮುಟ್ಟೂದಿಲ್ಲ, ಅವನೂ ಮುಟ್ಟೂದಿಲ್ಲ."

"ಅಯ್ಯೋ ದಾಜಿ, ನನ್ನ ಜೀವ ಹೊಂಟೈತ್ರಿ!" ಎಂದು ಮಾಮಾ ಕೂಗಿದ.

"ನೀ ನನ್ನ ಹಿಂದ ಸರಿ," ಎಂದೆ. "ನನ್ನ ಮನಶ್ಯಾ ಬರಿಗೈಲೆ ಮುಂದ ನಿಂದರ್ತಾನ. ಕಲ್ಲಿನವನ ಕೈ ಹಿಡಕೋತಾನ. ನೀವಿಬ್ಬರೂ ದಾಟ್ರಿ."

ದಾಳ ಹಾಕಿದೆ. ಕೆಟ್ಟದಾಗಿ ಬಿತ್ತು. ಅವರಿಬ್ಬರೂ ಹೇಗೋ ಹೊರಗೆ ದಾಟಿದರು, ಕಲ್ಲಿನವನ ಏಟಿಗೆ ನನ್ನವನು ಬಿದ್ದ. ಮಾಮಿ ಹಿಂದಿರುಗಿ ಬಂದು ಅವನ ಉಸಿರು ತಂದಳು. ಮಗಳು "ಇವತ್ತಿಗೆ ಸಾಕು," ಎಂದು ದಾಳಗಳನ್ನು ಚೀಲಕ್ಕೆ ತುಂಬಿದಳು. ನನ್ನ ಮುಖ ನೋಡಲಿಲ್ಲ. ಮಾಮಾನನ್ನು ಕರೆದುಕೊಂಡು ಗಚ್ಚಿಯ ಮೇಲೆ ಹೋದಳು. ಮೇಲಿನಿಂದ ಅವರ ಮಾತು ಬಹಳ ಹೊತ್ತು ಕೇಳುತ್ತಿತ್ತು. ಅವಳು ಕಟ್ಟಿಕೊಟ್ಟದ್ದನ್ನು ಒಲ್ಲೆ ಎಂದ ನಾನು ಕೆಳಗೆ, ಅವಳು ಬಾಯಿ ಮುಚ್ಚಿಸಿದ ಮಾಮಾ ಮೇಲೆ. ಆ ರಾತ್ರಿ ಹೋಳಿಗೆಯೂ ಕಹಿಯಾಗಿತ್ತು.

ಮಾಮಾ, ಮಾಮಿ ಹಬ್ಬಕ್ಕೆ ನಮ್ಮಲ್ಲೇ ಉಳಿದರು. ಮರುದಿನ, ದಸರೆಯ ಸಂಜೆ, ಬನ್ನಿ ಎಲೆ ಕೊಡಲು ಓಣಿಯವರೆಲ್ಲ ಮನೆಗೆ ಬಂದಿದ್ದರು. "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಎನ್ನುತ್ತಾ ನಾನೂ ಮಾಮಾನೂ ಎಲೆ ಬದಲಾಯಿಸಿಕೊಂಡೆವು. ಆಮೇಲೆ ಅವನು ನಡುಮನೆಯಲ್ಲಿ ಕೂತು ಗುಹೆಯ ಕಥೆ ಶುರು ಮಾಡಿದ. ನನ್ನ ಕಥೆ! ಅದನ್ನೂ ಬಿಡಲಿಲ್ಲ. ಕಲ್ಲಿನವನು ಹೇಗೆ ಗುಡುಗಿದ, ತಾನು ಹೇಗೆ ಶೀಸೆ ಎಸೆದ, ದಾಜಿ ಹೇಗೆ ಕಕ್ಕಾಬಿಕ್ಕಿಯಾಗಿ ನಿಂತರು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಎದ್ದು ಒಳಗೆ ಹೋಗುವವನಿದ್ದೆ.

"ಮಾಮಾ, ತಡಿ," ಎಂದಳು ಮಗಳು. ಹೊಸದಾಗಿ ಬಂದ ಚಹಾ ಅವಳ ಕೈಯಲ್ಲಿ ಹೊಗೆಯಾಡುತ್ತಿತ್ತು. "ಹಂಗ ಆಗಿಲ್ಲ. ನೀ ಶೀಸೆ ಒಗೀಲಿಲ್ಲ, ಹಿಂದ ಅಡಗಿದ್ದಿ. ಅಪ್ಪಾ ಹೇಳಲಿ. ಅಪ್ಪಾ, ನೀ ಹೇಳು."

ಓಣಿಯೆಲ್ಲ ನನ್ನ ಕಡೆ ತಿರುಗಿತು. ಹೇಳಿದೆ. ಮಾಮಾನ ಹಾಗೆ ಕೈ ಆಡಿಸಲು ಬರಲಿಲ್ಲ, ದನಿ ಏರಿಳಿಯಲಿಲ್ಲ, ನಡುವೆ ಎರಡು ಸಲ ಮಾತು ನಿಂತೇ ಹೋಯಿತು. ಬರಿಗೈಯಲ್ಲಿ ನಿಂತ ಕಡೆ ಬಂದಾಗ ಯಾರೂ ನಗಲಿಲ್ಲ.

ಮುಗಿಸಿ ಮಗಳ ಕೈಯ ಲೋಟ ನೋಡಿದೆ. ತುಂಬಿತ್ತು, ಮೇಲೆ ಕೆನೆ ಕಟ್ಟಿತ್ತು. ನಾನು ಹೇಳಿ ಮುಗಿಸುವಷ್ಟರಲ್ಲಿ ಮಾಮಾ ತನ್ನ ಲೋಟ ಖಾಲಿ ಮಾಡಿದ್ದ. ಅದನ್ನೂ ನೋಡಿಕೊಂಡೆ.