ಇಪ್ಪತ್ತೈದು ಕಿಲೋ ಎಂದು ಬರೆದಿದ್ದ ಸರ್ವೋ

ಅಂಗಡಿಯವರು ಎದುರಿಗೆ ಅವರನ್ನು ಸಾಹೇಬರು ಎನ್ನುತ್ತಿದ್ದರು, ಬೆನ್ನ ಹಿಂದೆ ಗ್ರಾಂ ಎನ್ನುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿದ್ದು, ಅಷ್ಟೂ ವರ್ಷದಲ್ಲಿ ಯಾವ ಅಂಗಡಿಯವನಿಗೂ ಒಂದು ಗ್ರಾಂ ಬಿಟ್ಟುಕೊಟ್ಟವರಲ್ಲ. ತಕ್ಕಡಿ ಸರಿಯಿದ್ದರೆ ಸೀಲು, ಇಲ್ಲದಿದ್ದರೆ ಜಪ್ತಿ. ಮಧ್ಯದ ಮಾತೇ ಇಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಕೂಡ ತೂಗಿ ನೋಡಿ ಆಮೇಲೆ ಬಿಚ್ಚುತ್ತಿದ್ದರು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಹೆಣ್ಣಿನ ಕಡೆಯವರು ಹೇಳಿದ ವಯಸ್ಸಿಗೂ ದಾಖಲೆಯ ವಯಸ್ಸಿಗೂ ತಾಳೆಯಾಗದೆ ಮುರಿದುಬಿತ್ತು. ಹಾಗಾಗಿ ಪ್ರತಿ ಭಾನುವಾರದ ಊಟ ಅಕ್ಕನ ಮನೆಯಲ್ಲಿ.

ಅಕ್ಕ ಪರದೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಬಾಗಿಲಲ್ಲಿ ಬಟ್ಟೆ ಸಾಗಿಸುವ ಹಳೆಯ ವ್ಯಾನು. ಭಾವ ಮೂವತ್ತು ವರ್ಷ ಬಸ್ಸು ಓಡಿಸಿದವರು. ಕೆಲವೇ ತಿಂಗಳ ಹಿಂದೆ ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದ ಮೇಲೆ ಡಿಪೋದವರು ಅವರನ್ನು ಸ್ಟಿಯರಿಂಗಿನಿಂದ ಎಬ್ಬಿಸಿ ಕೀಲಿಕೈ ಕೊಡುವ ಕಿಟಕಿಯಲ್ಲಿ ಕೂರಿಸಿದ್ದರು. ಕಣ್ಣು ನಡುವಿನಿಂದ ಸವೆಯುತ್ತಿದೆ, ಅಂಚು ಮಾತ್ರ ಉಳಿಯುತ್ತದೆ, ಇನ್ನು ಎರಡು ವರ್ಷ ಕಳೆದರೆ ದೂರದಲ್ಲಿ ಬಸ್ಸಿಗಿಂತ ಸಣ್ಣದೇನೂ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಸ್ಸೇ ಕೊಡದಿದ್ದ ಮೇಲೆ ಅದೊಂದು ಕಂಡು ನಾನೇನು ಮಾಡಲಿ ಎಂದು ಭಾವ ಕೇಳಿದ್ದರಂತೆ.

ಭಾವನಿಗೆ ಬೇಕಾಗಿದ್ದದ್ದು ವಿಮಾನ. ರಿಮೋಟಿನಲ್ಲಿ ಹಾರುವಂಥದ್ದು, ಆದರೆ ಆಟಿಕೆ ಎಂದರೆ ಊಟ ಬಿಟ್ಟು ಏಳುತ್ತಿದ್ದರು. ಒಂಬತ್ತು ಅಡಿ ರೆಕ್ಕೆ, ಹನ್ನೊಂದು ಕಿಲೋ ತೂಕ, ಮೂಗಿನಲ್ಲಿ ಪೆಟ್ರೋಲ್ ಎಂಜಿನ್ನು. ನಾಲ್ಕು ವರ್ಷ ಹಗುರ ಮರ ಕೊಯ್ದು, ಅಂಟಿಸಿ, ಬಸ್ಸಿಗೆ ಹೊಡೆಯುವ ಕಿತ್ತಳೆ ಬಣ್ಣವನ್ನೇ ಹೊಡೆದು, ಮಲಗುವ ಕೋಣೆಯ ಸೂರಿಗೆ ತೂಗುಹಾಕಿದ್ದರು. ಬೇರೆ ಹೆಂಗಸರು ಎದ್ದ ತಕ್ಷಣ ಗಂಡನ ಮುಖ ನೋಡುತ್ತಾರೆ, ನನ್ನ ಪಾಲಿಗೆ ಬಂದಿರುವುದು ವಿಮಾನದ ಹೊಟ್ಟೆ, ಎರಡರಲ್ಲಿ ಇದೇ ವಾಸಿ ಎಂದು ಅಕ್ಕ ಗಿರಾಕಿಗಳಿಗೆ ಹೇಳುತ್ತಿದ್ದಳು.

ವಿಮಾನಕ್ಕೆ ಉಳಿದಿದ್ದದ್ದು ಸರ್ವೋಗಳು. ಸರ್ವೋ ಎಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಒಳಗೆ ಮೋಟಾರು, ಹಲ್ಲುಚಕ್ರಗಳು, ಹೊರಗೆ ಒಂದು ಪುಟ್ಟ ತೋಳು. ನೆಲದ ಮೇಲೆ ನಿಂತವನು ರಿಮೋಟಿನ ಕಡ್ಡಿಯನ್ನು ಎಷ್ಟು ಸರಿಸಿದರೆ ಆ ತೋಳು ಅಷ್ಟೇ ತಿರುಗಿ ರೆಕ್ಕೆಯ ಮಡಚುಪಟ್ಟಿಯನ್ನೋ ಬಾಲದ ಪಟ್ಟಿಯನ್ನೋ ಎಳೆಯುತ್ತದೆ. ಎದುರುಗಾಳಿಗೆ ಅದು ಸೋತರೆ ವಿಮಾನ ಮನಸ್ಸಿಗೆ ಬಂದಲ್ಲಿಗೆ ಹೋಗುತ್ತದೆ. ಭಾವನ ಹಿಂದಿನ ಸಣ್ಣ ವಿಮಾನ ಹೀಗೆಯೇ, ಬಾಲದ ಸರ್ವೋದ ಪ್ಲಾಸ್ಟಿಕ್ ಹಲ್ಲು ಉದುರಿ, ಮೂಗು ಕೆಳಗೆ ಮಾಡಿ ನೆಲಕ್ಕೆ ನೆಟ್ಟುಕೊಂಡಿತ್ತು. ಆವತ್ತೇ ಭಾವ ತೀರ್ಮಾನಿಸಿದ್ದರು, ಮುಂದಿನದ್ದಕ್ಕೆ ಸರ್ವೋ ಆರಿಸುವವನು ಯಾರನ್ನೂ ನಂಬದವನಾಗಿರಬೇಕು ಎಂದು. ಅಂಥವನು ಮನೆಯಲ್ಲೇ ಇದ್ದ, ಭಾನುವಾರ ಭಾನುವಾರ ಉಂಡು ಹೋಗುತ್ತಿದ್ದ.

ಸಾಹೇಬರಿಗೆ ಸ್ವರ್ಗವೇ ಸಿಕ್ಕಂತಾಯಿತು. ಬೇಕಾದದ್ದು ಆರು: ರೆಕ್ಕೆಗೆ ಎರಡು, ಬಾಲಕ್ಕೆ ಎರಡು, ಚುಕ್ಕಾಣಿಗೆ ಒಂದು, ಎಂಜಿನ್ನಿಗೆ ಒಂದು. ಮೊದಲು ತರಿಸಿದವುಗಳ ಮೈಮೇಲೆ ಇಪ್ಪತ್ತೈದು ಕಿಲೋ ಎಂದು ಬರೆದಿತ್ತು. ತೋಳಿನ ಬುಡದಿಂದ ಒಂದು ಸೆಂಟಿಮೀಟರು ಆಚೆ ಕಟ್ಟಿದರೆ ಅಷ್ಟು ತೂಕ ಎತ್ತುತ್ತದೆ ಎಂದು ಅದರ ಅರ್ಥ. ಸಾಹೇಬರು ಅಕ್ಕನ ಹೊಲಿಗೆ ಮೇಜಿನ ಅಂಚಿಗೆ ಸರ್ವೋ ಬಿಗಿದು, ಇಲಾಖೆಯಲ್ಲಿ ಸವೆದುಹೋದವೆಂದು ಬಿಟ್ಟಿದ್ದ, ಆದರೆ ಎಷ್ಟು ಸವೆದಿವೆ ಎಂದು ತಮಗೆ ಗೊತ್ತಿದ್ದ ತೂಕದ ಕಲ್ಲುಗಳನ್ನು ತೂಗುಹಾಕಿದರು. ಹತ್ತೊಂಬತ್ತರ ತನಕ ಎತ್ತಿತು. ಇಪ್ಪತ್ತಕ್ಕೆ ಗುಂಯ್ ಎಂದು ನಿಂತೇಬಿಟ್ಟಿತು. ಆರೂ ಅಷ್ಟೇ. ಸಾಹೇಬರು ಆರರ ಮೈಮೇಲೂ ಅಳಿಸಲಾಗದ ಶಾಯಿಯಲ್ಲಿ ‘ತಿರಸ್ಕೃತ’ ಎಂದು ಮುದ್ರೆ ಒತ್ತಿ, ಮೂರು ಪ್ರತಿಯಲ್ಲಿ ಪತ್ರ ಬರೆದು, ವಾಪಸು ಕಳಿಸಿದರು. ಮುದ್ರೆ ಒತ್ತಿದ ಮಾಲು ಯಾರಿಗೆ ಬೇಕು? ಅಂಗಡಿಯವನು ಪೆಟ್ಟಿಗೆ ಬಿಚ್ಚಿ ನೋಡಿ ಹಾಗೆಯೇ ಹಿಂದಕ್ಕೆ ಕಳಿಸಿದ. ಅದು ಮೇಜಿನ ಕೆಳಗೆ ಅಕ್ಕ ಕಾಲಿಡುವ ಮಣೆಯಾಯಿತು.

ಎರಡನೆಯ ಜಾತಿಯದ್ದು ಮೂವತ್ತು ಎಂದು ಕೊಚ್ಚಿಕೊಂಡು ಇಪ್ಪತ್ತೆರಡಕ್ಕೆ ಸುಟ್ಟ ವಾಸನೆ ಬಿಟ್ಟಿತು. ಮೂರನೆಯದ್ದರ ಹಲ್ಲುಚಕ್ರಗಳು ಲೋಹದವು ಎಂದಿತ್ತು, ಬಿಚ್ಚಿ ನೋಡಿದರೆ ಐದರಲ್ಲಿ ಒಂದು ಪ್ಲಾಸ್ಟಿಕ್ಕು. ನಾಲ್ಕನೆಯದ್ದು ಹೇಳಿದಷ್ಟು ಎತ್ತಿತು, ಆದರೆ ತೋಳು ಹಿಂದಕ್ಕೆ ಬಂದು ನಿಲ್ಲುವಾಗ ಮೊದಲಿನ ಗೆರೆಗಿಂತ ಪೆನ್ಸಿಲ್ ಮೊನೆಯಷ್ಟು ಆಚೆ ನಿಂತಿತು. ಅದಕ್ಕೂ ಮುದ್ರೆ. ಒಂದೊಂದು ಬರುವುದಕ್ಕೂ ಹೋಗುವುದಕ್ಕೂ ತಿಂಗಳುಗಟ್ಟಲೆ ಹಿಡಿಯಿತು. ಒಟ್ಟು ಹದಿನಾಲ್ಕು ತಿಂಗಳು. ವಿಮಾನ ಸೂರಿನಲ್ಲೇ ಧೂಳು ತಿನ್ನುತ್ತಿತ್ತು.

ಅಷ್ಟರಲ್ಲಿ ಭಾವ ಎದುರಿಗಿದ್ದವರನ್ನು ನೋಡಬೇಕಾದರೆ ಅವರ ಪಕ್ಕದವರ ಕಡೆ ಮುಖ ತಿರುಗಿಸಬೇಕಾದ ಸ್ಥಿತಿಗೆ ಬಂದಿದ್ದರು. ಅಂಚಿನಲ್ಲಷ್ಟೇ ಕಾಣುತ್ತಿತ್ತು. ಡಿಪೋದಲ್ಲಿ ಕೆಲವರು ಇದನ್ನು ಸೊಕ್ಕು ಎಂದುಕೊಂಡಿದ್ದರು. ಕೀಲಿಕೈ ಕೊಡುವಾಗ ನಂಬರು ಓದುತ್ತಿರಲಿಲ್ಲ, ಬೆರಳಿನಿಂದ ಸವರಿ ಕೊಡುತ್ತಿದ್ದರು.

ಒಂದು ಭಾನುವಾರ ಸಾಹೇಬರು ಐದನೆಯ ಜಾತಿಯ ಸರ್ವೋದ ವಿವರಪಟ್ಟಿಯನ್ನು ಉತ್ಸಾಹದಿಂದ ಓದಿ ಹೇಳುತ್ತಿದ್ದರು. ಭಾವ ಕಿಟಕಿಯ ಕಡೆ ಮುಖ ಮಾಡಿ, ಅಂದರೆ ಸಾಹೇಬರನ್ನೇ ನೋಡುತ್ತ ಕೂತಿದ್ದರು.

“ಸರಿ ತರ್ಸು ಮಾರಾಯ,” ಎಂದರು. “ಚೆನ್ನಾಗಿ ತೂಗು. ಹಾರೋದು ನನಗೆ ಕಾಣ್ದಿದ್ರೂ ಪರವಾಗಿಲ್ಲ, ನೀನು ನೋಡಿ ಹೇಳು.”

ಸಿಟ್ಟಿನಿಂದ ಹೇಳಿದ್ದರೆ ಸಾಹೇಬರು ತಡೆದುಕೊಳ್ಳುತ್ತಿದ್ದರು, ಬೈಗುಳಕ್ಕೆ ಇಲಾಖೆ ಅವರ ಮೈಯನ್ನು ಒಗ್ಗಿಸಿತ್ತು. ಭಾವ ಸಮಾಧಾನದಿಂದಲೇ ಹೇಳಿದ್ದರು. ಅಕ್ಕ ಯಂತ್ರ ನಿಲ್ಲಿಸಿದಳು.

“ಅಲ್ವೋ, ಹದಿನಾಲ್ಕು ತಿಂಗಳಿಂದ ಕೇಳ್ಬೇಕು ಅಂತಿದ್ದೆ. ವಿಮಾನಕ್ಕೆ ಎಷ್ಟು ಬೇಕು?”

“ಇಪ್ಪತ್ತೈದು ಅಂತ ಬರ್ದಿದ್ದಾನಲ್ಲಕ್ಕ.”

“ಡಬ್ಬಿ ಮೇಲೆ ಬರ್ದಿರೋದು ಬಿಡು. ವಿಮಾನ ಎಷ್ಟು ಕೇಳುತ್ತೆ?”

ಬರೆದದ್ದಕ್ಕೂ ಎತ್ತಿದ್ದಕ್ಕೂ ಇರುವ ವ್ಯತ್ಯಾಸವನ್ನು ಸಾಹೇಬರು ಇಪ್ಪತ್ತೆರಡು ವರ್ಷ ಅಳೆದಿದ್ದರು. ಗಿರಾಕಿಗೆ ಎಷ್ಟು ಅಕ್ಕಿ ಬೇಕು ಎಂದು ಕೇಳುವುದು ಇಲಾಖೆಯ ಕೆಲಸವಾಗಿರಲಿಲ್ಲ.

“ಕಿಟಕಿ ಅಳತೆ ತಗೊಳ್ದೆ ಬಟ್ಟೆ ಅಳೀತಾ ಕೂತಿದ್ದೀಯಲ್ಲೋ,” ಎಂದಳು ಅಕ್ಕ. “ಏಳು, ವ್ಯಾನ್ ತೆಗೀತೀನಿ.”

ಊರಾಚೆ ಮುಚ್ಚಿದ ಇಟ್ಟಿಗೆ ಕಾರ್ಖಾನೆಯ ಹಿಂದೆ ಒಂದು ಬಯಲಿತ್ತು, ಅಲ್ಲಿಗೆ ಹೋಗುವ ನೇರ ರಸ್ತೆಯಲ್ಲಿ ನಾಯಿಯೂ ತಿರುಗುತ್ತಿರಲಿಲ್ಲ. ವಿಮಾನದ ಬಾಲದ ಒಂದು ರೆಕ್ಕೆಯನ್ನು ಬಿಚ್ಚಿ, ವ್ಯಾನಿನ ಕಿಟಕಿಗೆ ಅಡ್ಡಪಟ್ಟಿ ಕಟ್ಟಿ, ಅದರ ಹೊರಕ್ಕೆ ಬಿಗಿದರು. ಸಾಹೇಬರು ಸೊಂಟದ ತನಕ ಆಚೆ ಬಾಗಿ, ಬಾಲದ ಪಟ್ಟಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಹಿಡಿದರು. ಅವರ ಬೆಲ್ಟನ್ನು ಒಳಗಿನಿಂದ ಭಾವ ಹಿಡಿದಿದ್ದರು. ವಿಮಾನ ಹಾರುವ ವೇಗ ಗಂಟೆಗೆ ತೊಂಬತ್ತು ಕಿಲೋಮೀಟರು. ಪರದೆ ಸಾಗಿಸುವ ವ್ಯಾನಿಗೆ ಆ ವೇಗ ಯಾರೂ ಹೇಳಿಕೊಟ್ಟಿರಲಿಲ್ಲ, ಅಕ್ಕ ಹೇಳಿಕೊಟ್ಟಳು. ಸಾಹೇಬರ ಕನ್ನಡಕ ಹೋಯಿತು, ಜೇಬಿನ ಪೆನ್ನು ಹೋಯಿತು, ಅಂಗಿ ತಲೆಯ ಮೇಲೆ ಬಂತು. ಆದರೂ ಅಂಗಿಯ ಸಂದಿನಿಂದ ಮುಳ್ಳನ್ನು ಓದಿದರು. ಮೂರು ಸಲ ಹೋಗಿ ಬಂದು, ಮೂರನ್ನೂ ಸರ್ವೋ ತೋಳಿನ ಲೆಕ್ಕಕ್ಕೆ ತಂದರು.

“ಏಳು ಕಿಲೋ,” ಎಂದರು.

ಏಳು ಬೇಕಾದಲ್ಲಿ ಹತ್ತೊಂಬತ್ತು ಎತ್ತುವ ಸರ್ವೋ ಎಂದರೆ ಬೇಕಾದದ್ದರ ಎರಡರಷ್ಟಕ್ಕಿಂತ ಜಾಸ್ತಿ. ಅದು ಇಷ್ಟು ತಿಂಗಳು ಅಕ್ಕನ ಕಾಲ ಕೆಳಗೆ ಬಿದ್ದಿತ್ತು. ಸಾಹೇಬರಿಗೆ ನಾಚಿಕೆಯಾಯಿತು, ಜೊತೆಗೆ ಭಯವೂ ಆಯಿತು. ಬರೆದದ್ದು ಸುಳ್ಳು, ಅದು ಸರಿ. ಆದರೆ ಆ ಸುಳ್ಳನ್ನು ಹಿಡಿಯುವ ಸಂಭ್ರಮದಲ್ಲಿ ಭಾವನ ಕಣ್ಣಿನ ಒಂದು ವರ್ಷವನ್ನು ಅವರು ತಿಂದುಹಾಕಿದ್ದರು. ಬೆಲ್ಟು ಬಿಟ್ಟ ಭಾವ ಕನ್ನಡಕ ಎಲ್ಲಿ ಬಿತ್ತು ಎಂದಷ್ಟೇ ಕೇಳಿದರು.

ಮುಂದಿನ ಭಾನುವಾರ ‘ತಿರಸ್ಕೃತ’ ಮುದ್ರೆಯ ಆರೂ ಸರ್ವೋಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ವಿಮಾನ ಬಯಲಿಗೆ ಬಂತು. ಎಂಜಿನ್ನು ಒಂದೇ ತಿರುವಿಗೆ ಹೊತ್ತಿಕೊಂಡಿತು. ಹುಲ್ಲಿನ ಮೇಲೆ ಓಡಿ, ಬಾಲ ಎತ್ತಿ, ಅಷ್ಟು ದೊಡ್ಡ ಕಿತ್ತಳೆ ದೇಹ ನೆಲ ಬಿಟ್ಟಾಗ ಅಕ್ಕ ಬಾಯಿಗೆ ಸೆರಗು ಹಿಡಿದಳು. ಭಾವ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಕಣ್ಣಂಚಿನಲ್ಲಿ ಅದನ್ನು ನೋಡುತ್ತ, ಎರಡು ಸುತ್ತು ಚೆನ್ನಾಗಿಯೇ ಹೊಡೆಸಿದರು. ಬಸ್ಸು ತಿರುಗಿಸುವಾಗ ಮಾಡುತ್ತಿದ್ದ ಹಾಗೆ ಮೈಯನ್ನೂ ವಾಲಿಸುತ್ತಿದ್ದರು. ಮೂರನೆಯ ಸುತ್ತಿನಲ್ಲಿ, ಚಿಮಣಿಯ ಆಚೆ, ಅವರ ಕೈ ನಿಂತಿತು.

“ಹೋಯ್ತು,” ಎಂದರು. “ನನಗೆ ಕಾಣ್ತಿಲ್ಲ.”

ಸಾಹೇಬರು ಪಕ್ಕಕ್ಕೆ ಹೋಗಿ ನಿಂತರು. ಕಂಡಕ್ಟರ್ ಕೆಲಸ ಅವರು ಎಂದೂ ಮಾಡಿದವರಲ್ಲ, ಆದರೆ ಹಿಂದಕ್ಕೆ ಬರುವ ಬಸ್ಸಿಗೆ ಹೇಗೆ ಹೇಳುತ್ತಾರೆ ಎಂದು ಯಾರಿಗೆ ಗೊತ್ತಿಲ್ಲ? ಎಡಕ್ಕೆ ವಾಲಿದೆ, ನೇರ ಮಾಡಿ ಭಾವ. ಮೂಗು ಎತ್ತಿ. ಬರ್ಲಿ, ಬರ್ಲಿ, ಹಾಗೇ ಬರ್ಲಿ. ಸರ್ವೋಗಳು ಹೇಳಿದ್ದನ್ನು ಹೇಳಿದಷ್ಟೇ ಕೇಳಿದವು. ಭಾವನಿಗೆ ಅದು ಮತ್ತೆ ಕಂಡದ್ದು ತಲೆಯ ಮೇಲೆ ಬಂದಾಗ. ಎಂಟು ನಿಮಿಷದ ಹಾರಾಟದಲ್ಲಿ ಅವರು ನೋಡಿದ್ದು ಮೂರು. ಸಾಹೇಬರು ಬೇಡವೆಂದುಕೊಂಡರೂ ಅದನ್ನು ಲೆಕ್ಕವಿಟ್ಟರು.

ಇಳಿಸುವಾಗಲೂ ಸಾಹೇಬರ ಬಾಯಿ, ಭಾವನ ಕೈ. ಬಾಯಿ ಒಂದು ಕ್ಷಣ ತಡವಾಯಿತು. ವಿಮಾನ ನೆಲಕ್ಕೆ ಬಡಿದು ಮೂರು ಸಲ ಪುಟಿಯಿತು, ಎಡಗಾಲಿ ಕಳಚಿ ಹುಲ್ಲಿನೊಳಕ್ಕೆ ಉರುಳಿಹೋಯಿತು, ರೆಕ್ಕೆಯ ತುದಿ ನೆಲ ಕೆರೆದು, ಅರ್ಧ ಸುತ್ತು ತಿರುಗಿ ನಿಂತಿತು. ಭಾವ ಎಂಜಿನ್ನು ನಿಲ್ಲಿಸಿದರು.

“ಹೇಗಿತ್ತು?” ಎಂದು ಕೇಳಿದರು.

ಸಾಹೇಬರು ಅಕ್ಕನ ಮುಖ ನೋಡಿದರು. ಅಕ್ಕ ವ್ಯಾನಿನ ಕಡೆ ನೋಡುತ್ತಿದ್ದಳು.

“ಸರಿಯಾಗಿತ್ತು ಭಾವ,” ಎಂದರು. “ಒಂದು ಗ್ರಾಂ ವ್ಯತ್ಯಾಸ ಇಲ್ಲ.”

ಭಾವ ರಿಮೋಟನ್ನು ಕೊರಳಿಂದ ತೆಗೆದು, ಇಟ್ಟಿಗೆ ಗುಡ್ಡೆಯ ಕಡೆ ಮುಖ ತಿರುಗಿಸಿ, ಭಾವಮೈದುನನನ್ನು ಸಾಕಷ್ಟು ಹೊತ್ತು ನೋಡಿದರು.

“ಹಾಗಿದ್ರೆ ಆ ಕಡೆ ಉರುಳ್ಕೊಂಡು ಹೋಯ್ತಲ್ಲ, ಅದು ಯಾರ ಮನೆ ಗಾಲಿ?” ಎಂದರು. “ಹೋಗು, ಹುಡುಕಿ ತಗೊಂಡು ಬಾ. ಟ್ಯಾಂಕಲ್ಲಿ ಇನ್ನೊಂದು ಟ್ರಿಪ್ಪಿಗೆ ಎಣ್ಣೆ ಇದೆ.”

ಸಾಹೇಬರು ಹುಲ್ಲಿನಲ್ಲಿ ಬಹಳ ಹೊತ್ತು ಹುಡುಕಿದರು. ಕನ್ನಡಕ ಹೊಸದು, ನಂಬರು ಸರಿಯಾಗಿತ್ತು, ಆದರೂ ಗಾಲಿ ಕಾಣಲಿಲ್ಲ. ಕೊನೆಗೆ ಅಕ್ಕನೇ ಬಂದು, ಅವರ ಕಾಲ ಬುಡದಲ್ಲಿದ್ದ ಗಾಲಿಯನ್ನು ಎತ್ತಿಕೊಟ್ಟು, ಸೆರಗಿನ ತುದಿಯನ್ನು ಅವರ ಕಡೆ ಚಾಚಿ, ಮೊದಲು ಕಣ್ಣು ಒರೆಸಿಕೋ ಎಂದಳು.