ಶನಿವಾರ ಬಂದು ಕೂರುತ್ತಿದ್ದ ಅಕ್ಕ

ಈ ಸಲ ಯುಗಾದಿಗೆ ಮುಂಚೆ ಗೋಡೆಗೆ ಬಣ್ಣ ಹೊಡೆಸೋಣವೆಂದು ದೇವರ ಗೂಡಿನ ಪಟಗಳನ್ನು ಒಂದೊಂದಾಗಿ ಇಳಿಸುತ್ತಿದ್ದೆ. ಲಕ್ಷ್ಮಿಯ ಪಟ ದೊಡ್ಡದು, ಅತ್ತೆಯವರ ತವರಿನಿಂದ ಬಂದದ್ದು. ಅದನ್ನು ತಿರುಗಿಸಿ ಹಿಂಬದಿಯ ಧೂಳು ಒರೆಸುವಾಗ ರಟ್ಟಿಗೂ ಚೌಕಟ್ಟಿಗೂ ನಡುವಿನಿಂದ ಏನೋ ಜಾರಿ ಕಾಲ ಬಳಿ ಬಿತ್ತು. ಜಿರಳೆಯೇನೋ ಎಂದು ಹಿಂದೆ ಸರಿದೆ. ಬಗ್ಗಿ ನೋಡಿದರೆ ತೆಂಗಿನ ಗರಿಯನ್ನು ಮಡಚಿ ಮಾಡಿದ ಬೆರಳುದ್ದದ ಶಿಲುಬೆ. ಹಸಿರೆಲ್ಲ ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ತಿರ ಹಿಡಿದೆ. ಒಣ ಗರಿಯ ವಾಸನೆ, ಅದರ ಮೇಲೆ ಇಷ್ಟು ವರ್ಷ ನಾವು ಹಚ್ಚಿದ ಊದುಬತ್ತಿ, ಕರ್ಪೂರದ ವಾಸನೆ... ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅದು ಪಕ್ಕದ ಮನೆಯ ಅಕ್ಕನ ಕೈಕೆಲಸ. ಅವರು ಊರು ಬಿಟ್ಟಾಗ ಇದನ್ನು ತೆಗೆದುಕೊಂಡೇ ಹೋಗಿರಬೇಕೆಂದು ನಾನು ಎಣಿಸಿದ್ದೆ.

ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯೇ ಅಪರೂಪ. ಮೊದಮೊದಲು ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಅಕ್ಕನ ಗಂಡ ಮಗ್ಗ ನಡೆಸುತ್ತಿದ್ದರು. ಅಕ್ಕ ಜಗಲಿಯಲ್ಲಿ ಕೂತು ಸೀರೆಯ ಸೆರಗಿಗೆ ಕುಚ್ಚು ಹಾಕುತ್ತಿದ್ದರು. ಸೆರಗನ್ನು ಮೊಣಕಾಲಿನ ಮೇಲೆ ಹರಡಿ, ಅಂಚಿನ ಎಳೆಗಳನ್ನು ಗೊಂಚಲು ಗೊಂಚಲಾಗಿ ಹಿಡಿದು ರೇಷ್ಮೆ ದಾರದಲ್ಲಿ ಗಂಟು ಬಿಗಿಯುವ ಕೆಲಸ. ನನಗಿಂತ ಎಷ್ಟೋ ದೊಡ್ಡವರು, ಆದರೂ ಬೀದಿಗೆಲ್ಲ ಅವರು ಅಕ್ಕನೇ. ಕುಚ್ಚು ಹಾಕುವುದನ್ನು ನನಗೆ ಕಲಿಸಿದ್ದೂ ಅವರೇ.

ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಅಕ್ಕ ಚರ್ಚಿನಿಂದ ತೆಂಗಿನ ಗರಿ ಹಿಡಿದು ಬರುತ್ತಿದ್ದರು. ಬಂದವರೇ ಜಗಲಿಯಲ್ಲಿ ಕೂತು ಪುಟ್ಟ ಪುಟ್ಟ ಶಿಲುಬೆ ಮಡಚುವರು. ಒಂದು ನಮ್ಮ ಮನೆಗೆ. ಅದನ್ನು ಲಕ್ಷ್ಮಿಯ ಪಟದ ಹಿಂದೆ ಸಿಕ್ಕಿಸಲು ಜಾಗ ತೋರಿಸಿದ್ದು ನಮ್ಮ ಅತ್ತೆ. "ಲಕ್ಷ್ಮೀನೂ ಹೆಂಗಸೇ, ಕಾಯ್ಕೋತಾಳೆ ಬಿಡು" ಅಂದಿದ್ದರು. ಮರುವರ್ಷ ಅವರ ನಲವತ್ತು ದಿನದ ಉಪವಾಸದ ತಪಸ್ಸುಕಾಲ ಶುರುವಾಗುವ ಮುಂಚೆ ಅಕ್ಕ ಬಂದು ಒಣಗಿದ ಶಿಲುಬೆಯನ್ನು ವಾಪಸು ಒಯ್ಯುತ್ತಿದ್ದರು. ಎಲ್ಲರ ಮನೆಯ ಗರಿಗಳನ್ನೂ ಚರ್ಚಿನಲ್ಲಿ ಸುಟ್ಟು ಬೂದಿ ಮಾಡಿ, ವಿಭೂತಿ ಬುಧವಾರ ಹಣೆಗೆ ಹಚ್ಚುತ್ತಾರೆ. ಆ ಬೂದಿ ಹಚ್ಚಿಕೊಂಡು ಬಂದ ಅಕ್ಕನನ್ನು ಕಂಡರೆ ಅತ್ತೆಗೆ ಖುಷಿ. "ಬಾರಮ್ಮ, ಇವತ್ತು ನೀನೂ ನಮ್ಮೋಳೇ" ಎಂದು ಕಾಫಿ ಕೊಡುತ್ತಿದ್ದರು.

ಅತ್ತೆಯ ಬಾಯಿ ಜೋರು. ಶುಭ ಶುಕ್ರವಾರ ಪಕ್ಕದ ಮನೆಯ ಮಗ್ಗ ನಿಲ್ಲುತ್ತಿತ್ತು. ಅಕ್ಕ ಬಿಳಿ ಸೀರೆಯುಟ್ಟು ಚರ್ಚಿಗೆ ಹೋಗಿ, ಅತ್ತು ಕೆಂಪಾದ ಕಣ್ಣಲ್ಲಿ ಬರುತ್ತಿದ್ದರು. ಒಂದು ವರ್ಷ ಅತ್ತೆ ಬಾಗಿಲಲ್ಲೇ ಹಿಡಿದರು.

"ಅಲ್ಲ ಕಣೇ, ನಿಮ್ಮ ಸ್ವಾಮಿ ನಾಡಿದ್ದು ಎದ್ದು ಬರ್ತಾನೆ ಅಂತ ನಿಮಗೆ ಗೊತ್ತು. ಆದ್ರೂ ವರ್ಷಾ ವರ್ಷಾ ಅಳ್ತೀಯಲ್ಲ. ನಮ್ಮ ಯಜಮಾನ್ರು ಹೋಗಿ ಎಷ್ಟು ಕಾಲ ಆಯ್ತು, ಒಂದ್ಸಲಾನಾದ್ರೂ ಇತ್ತ ತಿರುಗಿ ನೋಡಿದ್ರಾ?"

ಅಕ್ಕ ನಕ್ಕುಬಿಟ್ಟರು. "ಬಂದ್ರೆ ನೀವು ಬಿಡ್ಬೇಕಲ್ಲ ಅಮ್ಮ. ಇಷ್ಟು ದಿನ ಎಲ್ಲಿಗೆ ಹೋಗಿದ್ರಿ ಅಂತ ಬಾಗಿಲಲ್ಲೇ ನಿಲ್ಲಿಸ್ತೀರ."

"ಹೂಂ, ಬಿಡ್ತಿದ್ನಾ" ಎಂದು ಅತ್ತೆಯೂ ನಕ್ಕರು. ಆಮೇಲೆ, "ಯುಗಾದಿಲಿ ನಾವು ಬೇವೂ ಬೆಲ್ಲಾನೂ ಒಂದೇ ಸಲ ಬಾಯಿಗೆ ಹಾಕ್ಕೋತೀವಿ. ನೀವು ಯಾಕೆ ಮೂರು ದಿನ ಎಳೀತೀರ?"

"ನಮಗೆ ಬೇವು ಶುಕ್ರವಾರ, ಬೆಲ್ಲ ಭಾನುವಾರ. ನಡುವೆ ಒಂದಿನ ಬಾಯಿ ಕಹಿ ಇಟ್ಕೊಂಡೇ ಕೂರ್ಬೇಕು ಅಮ್ಮ."

ನಾನು ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಆ ಮಾತು ಕಿವಿಯ ಮೇಲೆ ಹಾದುಹೋಯಿತು, ಅಷ್ಟೇ.

ಅದರ ಮುಂದಿನ ಆಷಾಢದಲ್ಲಿ ನನ್ನ ಮೊದಲ ಮಗು ಹುಟ್ಟಿತು. ತಿಂಗಳು ತುಂಬಿರಲಿಲ್ಲ. ಹೆಣ್ಣು. ಬೆಳಿಗ್ಗೆ ಬಂದವಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. ಗಂಡಸರು ಬಿಳಿ ಬಟ್ಟೆಯಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿ ಬಂದರು. ಎಲ್ಲಿ ಎಂದು ನನಗೆ ಹೇಳಲಿಲ್ಲ, ಬಾಣಂತಿ ಅಲ್ಲಿಗೆ ಹೋದಾಳೆಂಬ ಭಯ. ಹಲ್ಲು ಬಾರದ ಕೂಸಿಗೆ ತಿಥಿಯಿಲ್ಲ, ಎಡೆಯಿಲ್ಲ, ಪಿತೃಪಕ್ಷದಲ್ಲಿ ಅದರ ಮಾತಿಲ್ಲ. "ಅದರ ಋಣ ಇಷ್ಟೇ, ಮರ್ತುಬಿಡು, ಇನ್ನೊಂದಾಗುತ್ತೆ" ಎಂದು ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳಿಹೋದರು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು...

ಅಕ್ಕ ಮಾತ್ರ ಏನೂ ಹೇಳಲಿಲ್ಲ. ಮಧ್ಯಾಹ್ನ ಸೆರಗು, ದಾರ, ಸೂಜಿ ಹಿಡಿದು ಬರುವರು. ನನ್ನ ಚಾಪೆಯ ಪಕ್ಕ ಗೋಡೆಗೆ ಒರಗಿ ಕುಚ್ಚು ಹಾಕುತ್ತಾ ಕೂರುವರು. ನಾನು ಅತ್ತರೆ ತಲೆ ಎತ್ತುತ್ತಿರಲಿಲ್ಲ, ಅಳು ನಿಂತರೂ ಎತ್ತುತ್ತಿರಲಿಲ್ಲ. ದಾರ ಸೆಳೆಯುವ ಸದ್ದು, ಹಲ್ಲಿನಲ್ಲಿ ಕಚ್ಚಿ ತುಂಡರಿಸುವ ಸದ್ದು. ಬೀದಿ ದೀಪ ಹತ್ತಿದ ಮೇಲೆ ಎದ್ದು ಹೋಗುವರು.

ಒಂದು ದಿನ ನಾನೇ ಕೇಳಿದೆ. ಮನೆಯಲ್ಲಿ ಯಾರೂ ಇರಲಿಲ್ಲ.

"ಅಕ್ಕ, ಸತ್ತೋರಿಗೆ ನಿತ್ಯಜೀವ ಅಂತೀರಲ್ಲ ನೀವು. ಅದ್ರಲ್ಲಿ ನನ್ನ ಮಗು ಸೇರುತ್ತಾ? ಚರ್ಚಲ್ಲಿ ತಲೆಗೆ ನೀರು ಹಾಕ್ಸಿಲ್ಲ, ನಿಮ್ಮೋರಲ್ಲ, ಹೆಸರೂ ಇಟ್ಟಿಲ್ಲ."

ಅಕ್ಕ ಕೈಯಲ್ಲಿದ್ದ ಗಂಟನ್ನು ಬಿಗಿದು ಮುಗಿಸಿದರು.

"ಫಾದರ್‌ನ ಕೇಳಿದ್ರೆ ಓದಿರೋದನ್ನ ಹೇಳ್ತಾರೆ ಕಣಮ್ಮ. ನನಗೆ ಗೊತ್ತಿರೋದು ಇಷ್ಟು. ಯೇಸುಸ್ವಾಮಿಗೆ ಮೊಳೆ ಹೊಡ್ದಾಗ ಪಕ್ಕದ ಶಿಲುಬೆ ಮೇಲೆ ಒಬ್ಬ ಕಳ್ಳ ಇದ್ದ. ನನ್ನ ಮರೀಬೇಡ ಅಂದ, ಅಷ್ಟೇ ಅಂದಿದ್ದು. ಇವತ್ತೇ ನನ್ನ ಜೊತೆಗಿರ್ತೀಯ ಅಂದ್ರು ಸ್ವಾಮಿ. ಅವನಿಗೆ ಯಾರು ನೀರು ಹಾಕಿದ್ರು? ಅವನು ಯಾವ ಚರ್ಚಿಗೆ ಹೋಗಿದ್ದ? ತಾನೇ ಸಾಯ್ತಿರುವಾಗ ಕಳ್ಳನ್ನ ಒಬ್ಬನೇ ಬಿಡದವ್ರು, ಒಂದು ಹಗಲಿನ ಕೂಸನ್ನ ಬಿಟ್ಟುಬಿಡ್ತಾರಾ?"

"ನಿಜವಾಗ್ಲೂ ಗೊತ್ತಾ ಅಕ್ಕ ನಿಮಗೆ?"

"ಗೊತ್ತಿಲ್ಲ. ನಂಬಿದೀನಿ. ಗೊತ್ತಿದ್ದಿದ್ರೆ ಶುಕ್ರವಾರ ಯಾಕೆ ಅಳ್ತಿದ್ದೆ?"

ಬೇರೆ ಯಾರಾದರೂ "ಖಂಡಿತ ಸೇರುತ್ತೆ" ಎಂದಿದ್ದರೆ ನಾನು ನಂಬುತ್ತಿರಲಿಲ್ಲವೇನೋ. ಗೊತ್ತಿಲ್ಲ ಎಂದದ್ದಕ್ಕೇ ನನಗೆ ಆ ಮಾತನ್ನು ಹಿಡಿದುಕೊಳ್ಳಲು ಆಯಿತು. ಅವರ ದೇವರು ಸಾವನ್ನು ದೂರದಿಂದ ನೋಡಿ ಕನಿಕರಪಟ್ಟವನಲ್ಲ, ಅದರೊಳಗೇ ಇಳಿದವನು. ಇಳಿದದ್ದು ಅಲ್ಲಿ ಯಾರೂ ಒಂಟಿಯಾಗಿರಬಾರದೆಂದು. ನಿತ್ಯಜೀವವೆಂದರೆ ಮುಗಿಯದ ವರ್ಷಗಳಲ್ಲ, ಕೈ ಬಿಡದವರೊಬ್ಬರು ಇರುವುದು. ಹೀಗೆಲ್ಲ ಜೋಡಿಸಿಕೊಂಡದ್ದು ನಾನು, ಎಷ್ಟೋ ವರ್ಷಗಳ ಮೇಲೆ. ಅಕ್ಕ ಇಷ್ಟೆಲ್ಲ ಹೇಳಿದವರಲ್ಲ.

ಅವತ್ತು ಅವರು ಕೇಳಿದ್ದು ಬೇರೆ. "ಹೆಸರು ಇಟ್ಟಿಲ್ಲ ಅಂದ್ಯಲ್ಲ. ಮನಸ್ಸಲ್ಲಿ ಒಂದು ಇಟ್ಕೊಂಡಿರ್ತೀಯ. ಹೇಳು."

ಹೌದು, ಇಟ್ಟುಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ. ಹೇಳಿದೆ. ಅಕ್ಕ ಅದನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿದರು. ನನ್ನ ಮಗಳ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನವೆಂಬರಿನಲ್ಲಿ ಕ್ರೈಸ್ತರು ಸಮಾಧಿಗಳಿಗೆ ಹೋಗಿ ಮೊಂಬತ್ತಿ ಹಚ್ಚುವ ದಿನ, ಅಕ್ಕ ತಮ್ಮ ಹಿರಿಯರ ಸಮಾಧಿಯ ಅಂಚಿನಲ್ಲಿ ಆ ಹೆಸರು ಹೇಳಿ ಒಂದು ಹಚ್ಚಿ ಬಂದರು. ಅಲ್ಲಿಂದ ಪ್ರತಿ ವರ್ಷ.

ಮುಂದಿನ ಬೇಸಿಗೆಯಲ್ಲಿ, ಶುಭ ಶುಕ್ರವಾರ ಕಳೆದ ಮಾರನೆಯ ದಿನ, ಅಕ್ಕ ಮತ್ತೆ ಸೆರಗು ದಾರ ಹಿಡಿದು ಬಂದು ನನ್ನ ಪಕ್ಕ ಕೂತರು. ಆ ಹೊತ್ತಿಗೆ ನಾನು ಸುಧಾರಿಸಿದ್ದೆ, ಮತ್ತೆ ಬಸುರಿಯೂ ಆಗಿದ್ದೆ. ಅತ್ತೆ ಅಲಸಂದೆಕಾಳು ಬಿಡಿಸುತ್ತಿದ್ದವರು ಕೇಳಿದರು, "ಏನೇ ಇದು, ನಿನ್ನೆ ಅತ್ತಾಯ್ತು, ನಾಳೆ ಹಬ್ಬ. ಮನೆ ಸಾರ್ಸೋದು ಬಿಟ್ಟು ಇಲ್ಲಿ ಬಂದು ಕೂತಿದೀಯ?"

"ನಮ್ಮಮ್ಮ ಕಲಿಸಿದ್ದು ಅಮ್ಮ ಇದು" ಅಂದರು ಅಕ್ಕ. "ಶುಕ್ರವಾರ ಮೇರಿ ತಾಯಿ ಶಿಲುಬೆ ಕೆಳಗೆ ನಿಂತಿದ್ಲು. ಭಾನುವಾರ ಸಮಾಧಿ ಬರಿದಾಗಿತ್ತು. ಶನಿವಾರ ಅವಳು ಏನ್ಮಾಡಿದ್ಲು ಅಂತ ಯಾರೂ ಬರ್ದಿಲ್ಲ. ಮಗ ಎದ್ದು ಬರ್ತಾನೆ ಅಂತ ನಮಗೆ ಗೊತ್ತು, ಅವಳ ಕಣ್ಣಿಗಿನ್ನೂ ಕಂಡಿರಲಿಲ್ಲ. ಯಾರೋ ಪಕ್ಕದ ಮನೆಯೋಳು ಬಂದು ಜೊತೆಲಿ ಕೂತಿರ್ತಾಳೆ, ಅಲ್ವಾ? ಮಗೂನ ಕಳ್ಕೊಂಡೋರ ಮನೇಲಿ ಇವತ್ತು ಕೂತ್ರೆ ಅವಳ ಜೊತೆ ಕೂತಂಗೆ ಅಂತಿದ್ಲು ನಮ್ಮಮ್ಮ."

ಅತ್ತೆಯ ಕಾಳು ಬಿಡಿಸುವ ಕೈ ನಿಂತಿತು. ಸಿಪ್ಪೆಗಳನ್ನು ಮೊರಕ್ಕೆ ಗುಡಿಸಿಕೊಳ್ಳುತ್ತಾ, ನಮ್ಮ ಕಡೆ ನೋಡದೆ ಹೇಳಿದರು.

"ನನ್ನದೂ ಒಂದು ಹೋಗಿತ್ತು. ಇವಳ ಗಂಡ ಹುಟ್ಟೋಕ್ಕೆ ಮುಂಚೆ. ಗಂಡು. ನಾನೂ ಒಂದು ಹೆಸರು ಇಟ್ಟಿದ್ದೆ..."

ನನ್ನ ಗಂಡನಿಗೆ ಅಣ್ಣನೊಬ್ಬನಿದ್ದನೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಎದ್ದು ಹೋಗಿ ಕುಚ್ಚು ಹಾಕುತ್ತಿದ್ದ ಸೆರಗನ್ನು ಅತ್ತೆಯ ಪಕ್ಕಕ್ಕೆ ಎಳೆದುಕೊಂಡು ಕೂತರು. "ಹೇಳಿ ಅಮ್ಮ" ಅಂದರು. ಅತ್ತೆ ಆ ಹೆಸರನ್ನು ಅವರ ಕಿವಿಯಲ್ಲಿ ಹೇಳಿದರು, ನನಗೂ ಕೇಳಿಸದ ಹಾಗೆ. ಅಂದಿನಿಂದ ಮೊಂಬತ್ತಿ ಎರಡಾಯಿತು. ಅತ್ತೆಯ ಬಾಯಿ ಮಾತ್ರ ಕಡಿಮೆಯಾಗಲಿಲ್ಲ. "ನನ್ನ ಮಗನದ್ದು ದೊಡ್ಡದು ಹಚ್ಚೇ, ಅವನು ಹಿರಿಯೋನು" ಎಂದು ವರ್ಷಾ ವರ್ಷಾ ತಾಕೀತು ಮಾಡುತ್ತಿದ್ದರು.

ನನಗೆ ಆಮೇಲೆ ಇಬ್ಬರು ಮಕ್ಕಳಾದರು, ದೊಡ್ಡವರಾದರು. ಅತ್ತೆ ಹೋದರು. ಅಕ್ಕನ ಗಂಡ ತೀರಿಕೊಂಡ ಮೇಲೆ ಮಗ್ಗ ಮಾರಿದರು. ಮಗಳು ಬಂದು ಅವರನ್ನು ಹೊಸಕೋಟೆಯ ಕಡೆ, ಸಮೇತನಹಳ್ಳಿಯ ಹತ್ತಿರ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಡುವ ದಿನ ನಮ್ಮ ಮನೆಯಲ್ಲೇ ಉಪ್ಪಿಟ್ಟು ತಿಂದರು. "ಇನ್ನು ಮೊಂಬತ್ತಿ ಅಲ್ಲೇ ಹಚ್ತೀನಿ. ಎಲ್ಲಿ ಹಚ್ಚಿದ್ರೂ ಬೆಳಕು ಒಂದೇ" ಅಂದರು. ಎರಡು ಮಳೆಗಾಲ ಕಳೆದಿರಬೇಕು, ಮಗಳ ಫೋನು ಬಂತು.

ಮಣ್ಣಿಗೆ ಹೋಗಿದ್ದೆ. ಗುಂಡಿಯ ಸುತ್ತ ನಿಂತವರು ಹಾಡುತ್ತಿದ್ದರು. ಮಗಳೂ ಅಳುತ್ತಲೇ ಹಾಡುತ್ತಿದ್ದಳು, ದನಿ ಒಡೆದಾಗ ಪಕ್ಕದವರು ಆ ಸಾಲನ್ನು ಎತ್ತಿಕೊಳ್ಳುತ್ತಿದ್ದರು. ಎಲ್ಲರ ಹಾಗೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ನನ್ನ ಮಗಳ ಗುಂಡಿಗೆ ಹಾಕಲಾಗದ ಮಣ್ಣು... ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು. ಅತ್ತೆ ಯಾರ ಕಿವಿಯಲ್ಲಿ ಹೇಳಿದ್ದರೋ ಅವರು ಹೋದರು. ನನ್ನ ಮಗಳ ಹೆಸರು ಬಲ್ಲವಳು ಇನ್ನು ನಾನೊಬ್ಬಳೇ. ಅತ್ತೆಯ ಮಗನ ಹೆಸರು ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವವನೊಬ್ಬನಿದ್ದಾನೆ ಎಂದು ಅಕ್ಕ ನಂಬಿದ್ದರು. ಅವರ ಆ ನಂಬಿಕೆಯನ್ನು ನಾನು ಇಷ್ಟು ವರ್ಷ ಸಾಲವಾಗಿ ತಂದ ಸಕ್ಕರೆಯಂತೆ ಬಳಸಿಕೊಂಡು ಬಂದಿದ್ದೇನೆ. ಅವರೆಂದೂ ವಾಪಸು ಕೇಳಲಿಲ್ಲ.

ಬಣ್ಣದ ಕೆಲಸ ಮುಗಿದು, ಯುಗಾದಿಯೂ ಕಳೆಯಿತು. ಗರಿಯ ಶಿಲುಬೆ ಪಟದ ಮುಂದೆಯೇ ಇತ್ತು. ಕ್ಯಾಲೆಂಡರಿನಲ್ಲಿ ಶುಭ ಶುಕ್ರವಾರದ ಕೆಂಪು ಅಂಕಿ ನೋಡಿಕೊಂಡು, ಮಾರನೆಯ ಬೆಳಿಗ್ಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಚರ್ಚಿಗೆ ಒಯ್ದೆ. ಹೆಂಗಸರು ಹಬ್ಬಕ್ಕೆಂದು ನೆಲ ತೊಳೆಯುತ್ತಿದ್ದರು. ಒಬ್ಬರು ಸೆರಗಿಗೆ ಕೈ ಒರೆಸಿಕೊಂಡು ಶಿಲುಬೆಯನ್ನು ತೆಗೆದುಕೊಂಡರು.

"ಈ ವರ್ಷದ ಬೂದಿ ಆಗೋಯ್ತಲ್ಲ ಅಮ್ಮ. ಮುಂದಿನ ವರ್ಷಕ್ಕೆ ಇಟ್ಟಿರ್ತೀನಿ. ನಿಮ್ಮದಾ?"

"ನಮ್ಮ ಪಕ್ಕದ ಮನೆಯವರದು" ಅಂದೆ.

ಮನೆಗೆ ಬಂದು ಅಡುಗೆ ಮುಗಿಸಿ, ಅರ್ಧ ಮಾಡಿಟ್ಟಿದ್ದ ಸೆರಗು, ದಾರ, ಸೂಜಿ ತೆಗೆದುಕೊಂಡು ಬೀದಿಯ ಕೊನೆಯ ಮನೆಗೆ ಹೋದೆ. ಬಿಹಾರದಿಂದ ಮಗ್ಗದ ಕೆಲಸಕ್ಕೆ ಬಂದ ಗಂಡ ಹೆಂಡತಿ ಅಲ್ಲಿ ಬಾಡಿಗೆಗಿದ್ದಾರೆ. ಶಿವರಾತ್ರಿಯ ಸುಮಾರಿಗೆ ಅವರ ಹಸುಗೂಸು ತೀರಿಕೊಂಡಿತ್ತು. ಅವಳಿಗೆ ಕನ್ನಡ ಬಾರದು, ನನಗೆ ಅವಳ ಭಾಷೆ ಬಾರದು. ಬಾಗಿಲಲ್ಲಿ ನನ್ನನ್ನು ಕಂಡು ಗಾಬರಿಯಾಗಿ ಚಾಪೆ ಹಾಸಿದಳು. ಗೋಡೆಗೆ ಒರಗಿ ಕೂತು ಸೆರಗು ಹರಡಿಕೊಂಡೆ. ಅವಳು ಸ್ವಲ್ಪ ಹೊತ್ತು ನಿಂತಳು, ಕೂತಳು, ಅತ್ತಳು. ನಾನು ತಲೆ ಎತ್ತಲಿಲ್ಲ. ಆಮೇಲೆ ಅವಳೂ ಸೆರಗಿನ ಇನ್ನೊಂದು ತುದಿಯನ್ನು ತೊಡೆಯ ಮೇಲೆಳೆದುಕೊಂಡು, ನನ್ನ ಬೆರಳು ನೋಡುತ್ತಾ ಎಳೆಗಳನ್ನು ಗೊಂಚಲು ಮಾಡತೊಡಗಿದಳು.

ಬಿಸಿಲು ಇಳಿಯುವ ಹೊತ್ತಿಗೆ ಒಂದು ಮಾತು ಹೇಳಿದಳು. ಒಂದೇ. ಅದು ಹೆಸರೆಂದು ತಿಳಿಯಲು ಭಾಷೆ ಬೇಕಾಗಲಿಲ್ಲ. ನಾನು ಹೇಳಿ ನೋಡಿದೆ. ತಪ್ಪಿತೇನೋ, ಅವಳು ತಿದ್ದಿದಳು. ಮತ್ತೆ ಹೇಳಿದೆ. ಹೂಂ ಎಂದು ತಲೆಯಾಡಿಸಿದಳು.

ನವೆಂಬರಿನಲ್ಲಿ ಹೊಸಕೋಟೆಯ ಬಸ್ಸು ಹತ್ತಬೇಕು. ಅಕ್ಕನ ಸಮಾಧಿಯ ಅಂಚಿನಲ್ಲಿ ಹಳೆಯ ಎರಡರ ಜೊತೆಗೆ ಈ ಕೂಸಿಗೂ ಒಂದು ಮೊಂಬತ್ತಿ ಹಚ್ಚಬೇಕು. ಹೆಸರುಗಳನ್ನು ಕೇಳಿಸಿಕೊಂಡು ನಿಧಾನವಾಗಿ ಉಚ್ಚರಿಸಿ ನೋಡಲು ಅವರಿಲ್ಲ. ಆ ಜಾಗ ಹಾಗೇ ಇದೆ, ಯಾರೂ ತುಂಬಿಲ್ಲ... ಅವತ್ತು ಬೀದಿ ದೀಪ ಹತ್ತುವವರೆಗೆ ನಾವಿಬ್ಬರೂ ಕೂತಿದ್ದೆವು. ಸೆರಗು ಮುಗಿದಿರಲಿಲ್ಲ. ದಾರ, ಸೂಜಿಯನ್ನು ಅವಳ ಮನೆಯಲ್ಲೇ ಬಿಟ್ಟು ಬಂದೆ.