ಮುನ್ನೂರ ಅರವತ್ತೊಂದು ಡಿಗ್ರಿಯ ಗೆರೆ

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಟೀಚರಕ್ಕ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿ, ದೀರ್ಘ ರಜೆ ಹಾಕಿ ಸಂಶೋಧನೆಗೆ ಬಂದವಳು. ಪಾಠಕ್ಕೆ ಮೊದಲು ಬೋರ್ಡು ಒರೆಸುವ ಅಭ್ಯಾಸ ಇಲ್ಲಿಗೂ ಬಂದಿತ್ತು: ಮಾದರಿಯ ಮೇಲೆ ದಪ್ಪ ಕಣ ಒಂದು ಬಿದ್ದರೂ ಸಹಿಸುತ್ತಿರಲಿಲ್ಲ, ತೊಳೆದೇ ಸೂಕ್ಷ್ಮದರ್ಶಕದೊಳಗೆ ಇಡುತ್ತಿದ್ದಳು.

ಚಿನ್ನ ಲೋಹ, ಜರ್ಮೇನಿಯಂ ಅರೆವಾಹಕ. ಒಂಟಿಯಾಗಿ ಎರಡೂ ಸಾವಿರ ಡಿಗ್ರಿಯ ಆಸುಪಾಸಿನವರೆಗೆ ಜಗ್ಗುವುದಿಲ್ಲ. ಜೊತೆಯಾದರೆ ಮುನ್ನೂರ ಅರವತ್ತೊಂದಕ್ಕೇ ಕರಗತೊಡಗುತ್ತವೆ. ಯಾವ ಬೆರಕೆ ಎಷ್ಟು ಬಿಸಿಗೆ ಕರಗುತ್ತದೆಂದು ತೋರಿಸುವ ನಕ್ಷೆಯಲ್ಲಿ ಅಲ್ಲೊಂದು ಅಡ್ಡಗೆರೆ ಇದೆ. ಕೂದಲಿನ ದಪ್ಪದೊಳಗೆ ಸಾವಿರಗಟ್ಟಲೆ ಸಾಲುನಿಲ್ಲಬಲ್ಲ, ಇದೇ ಬೆರಕೆಯ ಅವಳ ಕಣಗಳು ಮಾತ್ರ ಆ ಗೆರೆಗೆ ಕ್ಯಾರೇ ಎನ್ನದೆ, ಮುನ್ನೂರರ ಹತ್ತಿರವೇ ಕರಗುತ್ತಿದ್ದವು.

ಅವಳ ಮಾರ್ಗದರ್ಶಕರಿಗೆ ಸಂಶಯವಿದ್ದದ್ದು ಸೂಕ್ಷ್ಮದರ್ಶಕದೊಳಗಿನ ಹೀಟರ್ ತೋರಿಸುವ ಅಂಕಿಯ ಮೇಲೆ. “ನೋಡಮ್ಮ, ಹೀಟರ್ ಸುಳ್ಳು ಹೇಳ್ತಿದ್ರೆ ನಿನ್ನ ಅಳತೆ ಅಷ್ಟೂ ಕಸದ ಬುಟ್ಟಿಗೆ.”

ರಜೆ ಮುಗಿಯುತ್ತ ಬಂದಿತ್ತು. ಮತ್ತೆ ಮೊದಲಿನಿಂದ ಶುರುಮಾಡುವಂತಿರಲಿಲ್ಲ.

“ಸ್ಕೂಲಿಗೆ ವಾಪಸ್ ಹೋದ್ರೇನು, ಆಕಾಶ ಬೀಳುತ್ತಾ?” ಎಂದ ಗಂಡ ಅಂದು ಬೆಳಿಗ್ಗೆ.

“ಇಲ್ಲ ರೀ. ಆದ್ರೆ ನಾನು ಕಣ್ಣಾರೆ ಕಂಡಿದ್ದು ಸುಳ್ಳಾಗಿಬಿಡುತ್ತಲ್ಲ.”

ಆ ಚಿಂತೆಯಲ್ಲೇ ಮಾದರಿ ತೊಳೆಯುವುದು ಮರೆತುಹೋಯಿತು.

“ಏನಕ್ಕ, ಇವತ್ತು ಕಸ ಗುಡಿಸ್ಲಿಲ್ವಾ?” ಸೂಕ್ಷ್ಮದರ್ಶಕ ನಡೆಸುವ ಆಪರೇಟರ್ ಪರದೆ ತೋರಿಸಿದ. “ಬಂಡೆ ಬಂದು ಕೂತಿದೆ ನೋಡಿ.”

ಪುಟ್ಟ ಕಣಗಳ ನಡುವೆ ಅದೇ ಮಿಶ್ರಣದ ದೊಡ್ಡ ತುಣುಕೊಂದು. ತೆಗೆಸಲೆಂದು ಬಾಯಿ ತೆರೆದವಳು ಹಾಗೇ ನಿಂತಳು. ಒಂದೇ ತಟ್ಟೆ, ಒಂದೇ ಬಿಸಿ. ಹೀಟರ್ ಸುಳ್ಳಾದರೆ ಬಂಡೆಯೂ ಬೇಗ ಕರಗಬೇಕು; ನಿಜವಾದರೆ ಅದು ಗೆರೆಯವರೆಗೂ ತಡೆಯಬೇಕು.

“ಇರಲಿ ಬಿಡಪ್ಪ. ಕಾಯಿಸು.”

ಮುನ್ನೂರು ತಲುಪುವಾಗ ಪುಟ್ಟ ಕಣಗಳಲ್ಲಿ ಪರದೆಯಲ್ಲಿ ಕಪ್ಪಾಗಿ ಕಾಣುವ ಚಿನ್ನ, ಬೂದಾಗಿ ಕಾಣುವ ಜರ್ಮೇನಿಯಂ ಎಂಬ ಭೇದ ಅಳಿಸಿ ಹನಿಗಳಾದವು. ಬಂಡೆ ಅಲುಗಲಿಲ್ಲ. ಮುನ್ನೂರ ನಲವತ್ತು. ಐವತ್ತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಸ್ವಲ್ಪ ತಾಳೋ,” ಎಂದಳು ಬಂಡೆಗೆ, ಗಂಟೆ ಹೊಡೆಯುವ ಮೊದಲೇ ಎದ್ದುನಿಲ್ಲುವ ಹುಡುಗನಿಗೆ ಹೇಳುವಂತೆ.

ಅರವತ್ತೊಂದು ದಾಟಿದ್ದೇ, ಬಂಡೆಯ ಮೂಲೆಗಳು ಮೆತ್ತಗಾಗಿ ಕುಸಿದವು.

“ಹೀಟರ್ ಹತ್ರ ಕ್ಷಮೆ ಕೇಳ್ಬೇಕು ಸರ್ರು,” ಎಂದ ಆಪರೇಟರ್. “ಆದ್ರೆ ಚಿಕ್ಕವಕ್ಕೆ ಯಾಕಕ್ಕ ಅಷ್ಟು ಅವಸರ?”

“ಹೊರಮೈಲಿರೋ ಪರಮಾಣುಗೆ ಒಂದು ಕಡೆ ನೆರೆಯವರೇ ಇಲ್ಲ, ಹಿಡಿತ ಸಡಿಲ. ಪುಟ್ಟ ಕಣದಲ್ಲಿ ಅಂಥವೇ ಜಾಸ್ತಿ ಕಣೋ.”

ಮಾರ್ಗದರ್ಶಕರು ಬಂದು, ಬೇರೊಂದು ಮಾದರಿಯನ್ನೂ ತೊಳೆಯದೆ ಇಡಿಸಿ ನೋಡಿದರು. ಮತ್ತೆ ಹಾಗೇ ಆಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ನಿನ್ನ ಅಳತೆ ಉಳೀತಮ್ಮ. ಚಿಕ್ಕ ಕಣಕ್ಕೆ ಆ ಗೆರೆಯನ್ನೇ ಕೆಳಗಿಳಿಸಿ ಬರಿ. ಅಲ್ಲ, ಇಷ್ಟು ದಿನ ದೊಡ್ಡದನ್ನೆಲ್ಲ ಯಾಕೆ ತೊಳೆದು ಬಿಸಾಡ್ತಿದ್ದೆ?”

“ಚೊಕ್ಕಟವಾಗಿರ್ಲಿ ಅಂತ, ಸರ್.”

ಅವರು ನಕ್ಕುಬಿಟ್ಟರು. ಅವಳು ಹೊರಗೆ ಬಂದು ಗಂಡನಿಗೆ ಫೋನು ಮಾಡಿದಳು.

“ದೊಡ್ಡದು ತಡವಾಗಿ ಕರಗ್ತು ರೀ!”

“ಅದು ಒಳ್ಳೇದೋ ಕೆಟ್ಟದ್ದೋ, ಅಷ್ಟು ಹೇಳೇ ತಾಯಿ.”

“ಒಳ್ಳೇದು,” ಎಂದವಳೇ ಕಾರಿಡಾರಿನ ಗೋಡೆಗೊರಗಿ ನೆಲದ ಮೇಲೆ ಕುಳಿತುಬಿಟ್ಟಳು. ಕಾಲು ಚಾಚಿ, ಉಸಿರು ಬಿಟ್ಟಳು.